ದುಡಿಯುವ ಮೈಗೆ ಗಟ್ಟಿ ಬಟ್ಟೆ: ಜೀನ್ಸ್ ಪ್ಯಾಂಟ್ ಕೊಳ್ಳುವ ಮುನ್ನ



ವಾರದ ಸಭೆಯಲ್ಲಿ ನಾವು ಉಳಿತಾಯ, ಸಾಲ, ಕಂತು, ಬಡ್ಡಿ ಇವುಗಳ ಲೆಕ್ಕ ಬರೆಯುತ್ತೇವೆ. ಆದರೆ ಸಾಲದ ಹಣ ಯಾವ ವಸ್ತುವಿಗೆ ಹೋಯಿತು, ಆ ವಸ್ತು ಎಷ್ಟು ದಿನ ಬಾಳಿತು ಎಂಬ ಲೆಕ್ಕ ಯಾವ ಪುಸ್ತಕದಲ್ಲಿಯೂ ಇರುವುದಿಲ್ಲ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಭಾಗದ ಹಳ್ಳಿಗಳಿಂದ ಗಂಡಸರು, ಹುಡುಗರು ಕಬ್ಬು ಕಡಿಯಲು, ಗೋವಾ ಮತ್ತು ಮಹಾರಾಷ್ಟ್ರದ ಕಟ್ಟಡ ಕೆಲಸಕ್ಕೆ ಹೋಗುತ್ತಾರೆ. ಎಷ್ಟೋ ಮನೆಗಳಲ್ಲಿ ಗಂಡ ಹೆಂಡತಿ ಇಬ್ಬರೂ ಹೋಗುತ್ತಾರೆ. ಹೋಗುವ ಮೊದಲು ಸಂತೆಯಲ್ಲಿ ಒಂದೆರಡು ಜೀನ್ಸ್ ಪ್ಯಾಂಟ್ ಖರೀದಿ ಆಗಿಯೇ ಆಗುತ್ತದೆ. ಎರಡು ತಿಂಗಳಿಗೆ "ಮಣಕಾಲ ಹತ್ರ ಹರದ ಹೋತ್ರಿ, ತೊಡಿ ಹತ್ರ ಬಿಚ್ಚಿ ಹೋತ್ರಿ" ಎಂಬ ಮಾತು ಕೇಳಿಬರುತ್ತದೆ. ಪ್ಯಾಂಟ್ ಹೋಯಿತು, ಕಂತು ಮಾತ್ರ ಉಳಿಯಿತು.

ಆದ್ದರಿಂದ ಈ ಪಾಠದ ಮೊದಲ ಮಾತು ಇದು: ಕಂತು ಮುಗಿಯುವ ಮೊದಲು ಬಟ್ಟೆ ಹರಿಯಬಾರದು.

ಇಳಕಲ್ ಸೀರೆ ಕೊಳ್ಳುವಾಗ ನಾವು ಸೆರಗು ತಿರುವಿ ನೋಡುತ್ತೇವೆ, ದಡಿ ಮುಟ್ಟಿ ನೋಡುತ್ತೇವೆ, ಅಂಗಡಿಯವನು ಹೇಳಿದ್ದನ್ನೆಲ್ಲ ನಂಬುವುದಿಲ್ಲ. ಅದೇ ಜಾಣತನ ಪ್ಯಾಂಟ್ ಕೊಳ್ಳುವಾಗಲೂ ಬೇಕು.

1. ಇದು ಕೂಲಿಕಾರರ ಬಟ್ಟೆ

ಜೀನ್ಸ್ ಇವತ್ತು ಕಾಲೇಜು ಹುಡುಗರ ಶೋಕಿ ಎಂದು ಅನಿಸುತ್ತದೆ. ಆದರೆ ಅದು ಹುಟ್ಟಿದ್ದು ದುಡಿಯುವವರಿಗಾಗಿ. ಅಮೆರಿಕದ ನೆವಾಡಾ ರಾಜ್ಯದ ರೀನೋ ಎಂಬ ಊರಿನಲ್ಲಿ ಜೇಕಬ್ ಡೇವಿಸ್ ಎಂಬ ಟೇಲರ್ ಇದ್ದರು. ಒಬ್ಬ ಕೂಲಿಕಾರನ ಹೆಂಡತಿ ಅವರ ಹತ್ತಿರ ಬಂದು, ತನ್ನ ಗಂಡನಿಗೆ ಬೇಗ ಹರಿಯದ ಗಟ್ಟಿ ಪ್ಯಾಂಟ್ ಹೊಲಿದುಕೊಡಿ ಎಂದು ಕೇಳಿದಳಂತೆ. ಕಿಸೆಯ ಮೂಲೆಗಳು ಮೊದಲು ಹರಿಯುತ್ತವೆ ಎಂದು ತಿಳಿದಿದ್ದ ಡೇವಿಸ್, ಅಲ್ಲಿಗೆ ರಿವಿಟ್ ಎನ್ನುವ ತಾಮ್ರದ ಸಣ್ಣ ಮೊಳೆ ಹೊಡೆದರು. ಬಟ್ಟೆ ವ್ಯಾಪಾರಿ ಲೀವೈ ಸ್ಟ್ರಾಸ್ ಅವರ ಜೊತೆ ಸೇರಿ 1873ರ ಮೇ 20ರಂದು ಅದಕ್ಕೆ ಪೇಟೆಂಟ್ ಪಡೆದರು. ನೋಡಿ, ಈ ಕಥೆಯ ಮೂಲದಲ್ಲಿ ಇರುವುದು ಮನೆಯ ಖರ್ಚಿನ ಲೆಕ್ಕ ಹಿಡಿದ ಒಬ್ಬ ಹೆಣ್ಣುಮಗಳು.

ನಮ್ಮ ದೇಶಕ್ಕೂ ಈ ಬಟ್ಟೆಗೂ ನಂಟಿದೆ. ಕೆಲಸದ ಬಟ್ಟೆಗೆ ಇಂಗ್ಲಿಷಿನಲ್ಲಿ ಡಂಗರಿ ಎನ್ನುತ್ತಾರೆ; ಅದು ದಪ್ಪ ಹತ್ತಿ ಬಟ್ಟೆಗೆ ಹಿಂದಿಯಲ್ಲಿದ್ದ ಡುಂಗ್ರಿ ಎಂಬ ಮಾತಿನಿಂದ ಹೋದದ್ದು. ನೀಲಿ ಬಣ್ಣಕ್ಕೆ ಇಂಡಿಗೋ ಎಂಬ ಹೆಸರು ಬಂದದ್ದೂ ಇಂಡಿಯಾದಿಂದಲೇ. 1897ರಲ್ಲಿ ಜರ್ಮನಿಯ ಕಂಪನಿ ರಾಸಾಯನಿಕ ನೀಲಿಯನ್ನು ಮಾರುಕಟ್ಟೆಗೆ ತಂದ ಮೇಲೆ ಗಿಡದ ನೀಲಿ ಹಿಂದೆ ಬಿತ್ತು.

ಕರ್ನಾಟಕದಲ್ಲಿ ಜೀನ್ಸ್ ಎಂದರೆ ಬಳ್ಳಾರಿ. ಅಲ್ಲಿ ದೊಡ್ಡ ಕಾರ್ಖಾನೆಗಳಿಗಿಂತ ಸಣ್ಣ ಘಟಕಗಳು, ಮನೆಯಲ್ಲೇ ಮಷೀನು ಇಟ್ಟುಕೊಂಡು ಹೊಲಿಯುವ ಕುಟುಂಬಗಳು ಹೆಚ್ಚು. ಒಬ್ಬರು ಕತ್ತರಿಸುತ್ತಾರೆ, ಒಬ್ಬರು ಹೊಲಿಯುತ್ತಾರೆ, ಇನ್ನೊಬ್ಬರು ಗುಂಡಿ ಹಾಕುತ್ತಾರೆ, ಮತ್ತೊಂದು ಕಡೆ ತೊಳೆಯುತ್ತಾರೆ. ಅಲ್ಲಿಯ ಪ್ಯಾಂಟ್‌ಗಳು ಬೇರೆ ರಾಜ್ಯಗಳಿಗೂ ಹೋಗುತ್ತವೆ. ಬಳ್ಳಾರಿ ಜೀನ್ಸ್ ಎಂದ ಮಾತ್ರಕ್ಕೆ ಎಲ್ಲವೂ ಒಳ್ಳೆಯದಲ್ಲ, ಎಲ್ಲವೂ ಕೆಟ್ಟದ್ದೂ ಅಲ್ಲ. ಯಾರ ಕೈಯಲ್ಲಿ, ಯಾವ ಬಟ್ಟೆಯಲ್ಲಿ ಹೊಲಿದದ್ದು ಎನ್ನುವುದು ಮುಖ್ಯ. ಅದನ್ನು ಕಂಡುಹಿಡಿಯುವುದು ನಮ್ಮ ಕೈಯಲ್ಲಿದೆ.

2. ಬಟ್ಟೆ ನೋಡುವುದು ಹೇಗೆ?

ನೇಯ್ಗೆಯಲ್ಲಿ ಹಾಸು ಮತ್ತು ಹೊಕ್ಕು ಎಂದು ಎರಡು ಎಳೆಗಳಿರುತ್ತವೆ. ಜೀನ್ಸ್ ಬಟ್ಟೆಯಲ್ಲಿ ಹಾಸಿನ ನೂಲಿಗೆ ಮಾತ್ರ ನೀಲಿ ಬಣ್ಣ, ಹೊಕ್ಕಿನ ನೂಲು ಬಿಳಿ. ಆದ್ದರಿಂದಲೇ ಹೊರಗೆ ನೀಲಿ, ಒಳಗೆ ಬೆಳ್ಳಗೆ ಕಾಣುತ್ತದೆ. ನೇಯ್ಗೆಯ ಗೆರೆಗಳು ಓರೆಯಾಗಿ ಹೋಗುತ್ತವೆ. ನೀಲಿ ಬಣ್ಣ ನೂಲಿನ ಮೇಲ್ಭಾಗದಲ್ಲಷ್ಟೇ ಕೂತಿರುತ್ತದೆ, ಒಳಗಿನ ತನಕ ಇಳಿಯುವುದಿಲ್ಲ. ಹೀಗಾಗಿ ತಿಕ್ಕಿದಲ್ಲಿ ಬಿಳಿಯಾಗುವುದು ಸಹಜ. ಬಣ್ಣ ಸ್ವಲ್ಪ ಹೋದರೆ ಬಟ್ಟೆ ಕೆಟ್ಟಿತು ಎಂದಲ್ಲ.

ಬಟ್ಟೆಯ ದಪ್ಪವನ್ನು ಔನ್ಸ್ ಲೆಕ್ಕದಲ್ಲಿ ಹೇಳುತ್ತಾರೆ. ಒಂದು ಚದರ ಗಜ ಬಟ್ಟೆ ಎಷ್ಟು ಔನ್ಸ್ ತೂಗುತ್ತದೆ ಎಂಬುದು ಅದರ ಅಂಕಿ. ನಮ್ಮ ಲೆಕ್ಕಕ್ಕೆ ತಂದರೆ, 8 ಔನ್ಸ್ ಎಂದರೆ ಒಂದು ಚದರ ಮೀಟರ್‌ಗೆ ಸುಮಾರು 270 ಗ್ರಾಂ, 10 ಔನ್ಸ್ ಎಂದರೆ 340 ಗ್ರಾಂ, 12 ಔನ್ಸ್ ಎಂದರೆ 405 ಗ್ರಾಂ, 14 ಔನ್ಸ್ ಎಂದರೆ 475 ಗ್ರಾಂ. ನಮ್ಮ ಕಡೆಯ ಬಿಸಿಲಿಗೆ 14 ಔನ್ಸ್ ಹೊರೆಯಾಗುತ್ತದೆ; ತೊಳೆದರೆ ಬೇಗ ಒಣಗುವುದೂ ಇಲ್ಲ. 8 ಔನ್ಸ್ ಕಬ್ಬು, ಕಲ್ಲು, ಸೆಂಟ್ರಿಂಗ್ ಕೆಲಸಕ್ಕೆ ತಡೆಯುವುದಿಲ್ಲ. ಕೆಲಸದ ಪ್ಯಾಂಟ್‌ಗೆ 10ರಿಂದ 12 ಔನ್ಸ್ ಸರಿ.

"ಸಂತ್ಯಾಗ ಔನ್ಸ್ ಯಾರ್ ಹೇಳ್ತಾರ್ರಿ?" ಎಂದು ನೀವು ಕೇಳಬಹುದು. ಯಾರೂ ಹೇಳುವುದಿಲ್ಲ. ನಾವೇ ಪರೀಕ್ಷೆ ಮಾಡಬೇಕು:

ತಕ್ಕಡಿ ಪರೀಕ್ಷೆ: ಒಂದೇ ಅಳತೆಯ ಎರಡು ಪ್ಯಾಂಟ್‌ಗಳನ್ನು ಪಕ್ಕದ ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ತೂಗಿ ನೋಡಿ. ಹೆಚ್ಚು ತೂಗಿದ್ದರಲ್ಲಿ ಬಟ್ಟೆ ಹೆಚ್ಚು ಇದೆ. ದೊಡ್ಡ ಗುಂಡಿ, ಸರಪಳಿ ಹಚ್ಚಿದ್ದರೆ ಆ ತೂಕ ಬೇರೆ, ಅದನ್ನು ಮರೆಯಬೇಡಿ.

ಬೆಳಕಿನ ಪರೀಕ್ಷೆ: ಪ್ಯಾಂಟ್ ಕಾಲಿನೊಳಗೆ ಕೈ ಹಾಕಿ ಬಿಸಿಲಿಗೆ ಹಿಡಿಯಿರಿ. ಬೆರಳಿನ ನೆರಳು ಕಂಡರೆ ಆ ಬಟ್ಟೆ ತೆಳು.

ಗಂಜಿ ಪರೀಕ್ಷೆ: ಬಟ್ಟೆಯನ್ನು ಎರಡು ಕೈಯಲ್ಲಿ ಹಿಡಿದು ಜೋರಾಗಿ ತಿಕ್ಕಿ. ಪುಡಿ ಉದುರಿದರೆ, ತಿಕ್ಕಿದ ಜಾಗ ಮೆತ್ತಗಾದರೆ, ಗಂಜಿ ಹಾಕಿ ದಪ್ಪ ತೋರಿಸಿದ್ದಾರೆ ಎಂದು ತಿಳಿಯಿರಿ. ಒಂದು ತೊಳೆತಕ್ಕೆ ಅದು ಹೋಗುತ್ತದೆ.

ಕರವಸ್ತ್ರದ ಪರೀಕ್ಷೆ: ಬಿಳಿ ಕರವಸ್ತ್ರ ಒದ್ದೆ ಮಾಡಿ ಒಳಮೂಲೆಯಲ್ಲಿ ತಿಕ್ಕಿ. ಸ್ವಲ್ಪ ನೀಲಿ ಬರುವುದು ಸಹಜ, ಬಳಬಳ ಬಣ್ಣ ಬಿಟ್ಟರೆ ಬೇಡ.

ಒಳಗಿನ ಚೀಟಿ ಓದಲು ಮಕ್ಕಳಿಗೆ ಹೇಳಿ. ಪೂರ್ತಿ ಹತ್ತಿ ಇದ್ದರೆ ಒಳ್ಳೆಯದು. ಶೇಕಡಾ 1 ಅಥವಾ 2ರಷ್ಟು ಹಿಗ್ಗುವ ನೂಲು ಇದ್ದರೆ ಬಗ್ಗಿ ಏಳಲು ಅನುಕೂಲ. ಅದಕ್ಕಿಂತ ಹೆಚ್ಚಿದ್ದರೆ ಕೆಲಸಕ್ಕೆ ಬೇಡ. ಬಿಸಿನೀರು, ಬ್ಲೀಚಿಂಗ್ ಪೌಡರ್ ತಗುಲಿದರೆ ಆ ನೂಲು ಬೇಗ ಸಡಿಲಾಗುತ್ತದೆ. ವೆಲ್ಡಿಂಗ್, ಬೆಂಕಿ, ಡಾಂಬರು ಕೆಲಸಕ್ಕೆ ಹೋಗುವವರಿಗೆ ಪಾಲಿಸ್ಟರ್ ಬೆರೆತ ಬಟ್ಟೆ ಕೊಡಲೇಬೇಡಿ. ಹತ್ತಿಯೂ ಸುಡುತ್ತದೆ ನಿಜ, ಆದರೆ ಪಾಲಿಸ್ಟರ್ ಕರಗಿ ಚರ್ಮಕ್ಕೆ ಅಂಟುತ್ತದೆ.

3. ಹರಿದ, ತಿಕ್ಕಿದ ಫ್ಯಾಷನ್ ಬೇಡ

ಮೊಣಕಾಲಲ್ಲಿ ಬಿಳಿ ಮಾಡಿದ, ಅಲ್ಲಲ್ಲಿ ಹರಿದ ಪ್ಯಾಂಟ್ ಹುಡುಗರಿಗೆ ಇಷ್ಟ. ಹಬ್ಬಕ್ಕೆ, ಜಾತ್ರೆಗೆ ಹಾಕಿಕೊಳ್ಳಲಿ, ತಂಟೆಯಿಲ್ಲ. ಆದರೆ ಕೆಲಸಕ್ಕೆ ಬೇಡ. ಯಾಕೆಂದರೆ ಆ ಬಿಳಿ ಬರಬೇಕಾದರೆ ಬಟ್ಟೆಯನ್ನು ಕಲ್ಲಿನಿಂದಲೋ ರಾಸಾಯನಿಕದಿಂದಲೋ ಮೊದಲೇ ಸವೆಸಿರುತ್ತಾರೆ. ಅರ್ಧ ಆಯುಷ್ಯ ಕಳೆದ ಬಟ್ಟೆಗೆ ನಾವು ಹೆಚ್ಚು ದುಡ್ಡು ಕೊಟ್ಟಂತೆ.

ಇದರಲ್ಲಿ ಇನ್ನೊಂದು ನೋವಿನ ಸಂಗತಿಯೂ ಇದೆ. ಟರ್ಕಿ ದೇಶದಲ್ಲಿ ಜೀನ್ಸ್ ಬಿಳಿ ಮಾಡಲು ಜೋರಾಗಿ ಮರಳು ಹಾರಿಸುತ್ತಿದ್ದರು. ಆ ದೂಳು ಶ್ವಾಸಕೋಶಕ್ಕೆ ಹೋಗಿ ಸಿಲಿಕೋಸಿಸ್ ಎಂಬ ವಾಸಿಯಾಗದ ರೋಗ ಬಂದು ಯುವ ಕೆಲಸಗಾರರು ಸತ್ತರು. 2009ರಲ್ಲಿ ಆ ದೇಶ ಈ ಪದ್ಧತಿಯನ್ನು ನಿಷೇಧಿಸಿತು. ನಮ್ಮ ಬಳ್ಳಾರಿಯಲ್ಲಿಯೂ ಜೀನ್ಸ್ ತೊಳೆಯುವ ಘಟಕಗಳಿಂದ ಹರಿಯುವ ಬಣ್ಣದ ನೀರು ದೊಡ್ಡ ತೊಂದರೆಯಾಗಿದೆ. ಹೆಚ್ಚು ತೊಳೆಯದ, ಗಾಢ ನೀಲಿಯ ಸಾದಾ ಪ್ಯಾಂಟ್ ನಮ್ಮ ಕಿಸೆಗೂ ಒಳ್ಳೆಯದು, ದುಡಿಯುವ ಇನ್ನೊಬ್ಬರ ಆರೋಗ್ಯಕ್ಕೂ ಒಳ್ಳೆಯದು.

4. ಹೊಲಿಗೆ ನೋಡಿ, ಕೂತು ನೋಡಿ

ಒಳ್ಳೆಯ ಬಟ್ಟೆಗೆ ಕೆಟ್ಟ ಹೊಲಿಗೆ ಹಾಕಿದರೆ ಪ್ರಯೋಜನವಿಲ್ಲ. ಪ್ಯಾಂಟನ್ನು ತಿರುಗಾಮುರುಗಾ ಮಾಡಿ ಒಳಗಿನಿಂದ ನೋಡಿ.

- ತೊಡೆ ಮತ್ತು ಕಾಲಿನ ಹೊಲಿಗೆಯಲ್ಲಿ ಬಟ್ಟೆಯ ಅಂಚು ಒಂದರೊಳಗೊಂದು ಮಡಚಿ ಎರಡು ಸಾಲು ಹೊಲಿಗೆ ಬಿದ್ದಿರಬೇಕು. ಬರೀ ಅಂಚಿನ ಓವರ್‌ಲಾಕ್ ಇದ್ದರೆ ಬೇಗ ಬಿಚ್ಚುತ್ತದೆ.
- ಒಂದು ಇಂಚಿಗೆ 8ರ ಸುಮಾರು ಹೊಲಿಗೆ ಇರಬೇಕು. ಹೊಲಿಗೆ ದೂರ ದೂರ ಇದ್ದರೆ ಬಲ ಕಡಿಮೆ.
- ಹೊಲಿಗೆಯ ಎರಡೂ ಬದಿ ಹಿಡಿದು ಎಳೆಯಿರಿ. ನಡುವೆ ಸಂದು ಕಂಡರೆ ದಾರ ಸಡಿಲ.
- ಕಿಸೆಯ ಮೂಲೆ, ಬೆಲ್ಟ್ ಪಟ್ಟಿಯ ತುದಿ, ಚೈನಿನ ಕೆಳತುದಿ ಇವುಗಳಲ್ಲಿ ಒತ್ತೊತ್ತಾಗಿ ಅಡ್ಡ ಹೊಲಿಗೆ ಅಥವಾ ರಿವಿಟ್ ಇರಬೇಕು. ಬರೀ ಅಂದಕ್ಕೆ ಅಂಟಿಸಿದ ರಿವಿಟ್ ಉಗುರಿಗೇ ಏಳುತ್ತದೆ.
- ಕಿಸೆಯೊಳಗಿನ ಬಟ್ಟೆ ದಪ್ಪ ಹತ್ತಿಯದಿರಲಿ. ಕೂಲಿ ಹಣ, ಮೊಬೈಲ್ ಇರುವುದು ಅಲ್ಲೇ.
- ಚೈನು ಹಿತ್ತಾಳೆಯದಿರಲಿ. ಹತ್ತು ಸಲ ಏರಿಸಿ ಇಳಿಸಿ ನೋಡಿ.

ಹೆಚ್ಚು ಪ್ಯಾಂಟ್‌ಗಳು ಹರಿಯುವುದು ತೊಡೆಗಳು ಕೂಡುವ ಜಾಗದಲ್ಲಿ. ಅದಕ್ಕೆ ಬಟ್ಟೆಯಷ್ಟೇ ಅಳತೆಯೂ ಕಾರಣ. ಬಿಗಿಯಾದ ಪ್ಯಾಂಟ್ ಹಾಕಿಕೊಂಡು ದಿನಕ್ಕೆ ನೂರು ಸಲ ಬಗ್ಗಿ ಎದ್ದರೆ ಯಾವ ಬಟ್ಟೆ ತಡೆದೀತು? ಹಾಕಿಕೊಳ್ಳುವವರನ್ನೇ ಅಂಗಡಿಗೆ ಕರೆದೊಯ್ಯಿರಿ. ಪ್ಯಾಂಟ್ ಹಾಕಿ ಕುಕ್ಕರಗಾಲಲ್ಲಿ ಕೂರಲಿ, ಒಂದು ಕಾಲೆತ್ತಿ ಮೆಟ್ಟಿಲ ಮೇಲೆ ಇಡಲಿ. ತೊಡೆ, ಸೊಂಟ ಎಳೆದರೆ ಒಂದು ಅಳತೆ ದೊಡ್ಡದು ತೊಗೊಳ್ಳಿ. ಮೊದಲ ತೊಳೆತಕ್ಕೆ ಬಟ್ಟೆ ಕುಗ್ಗುತ್ತದೆ. ಶೇಕಡಾ 3 ಕುಗ್ಗಿದರೂ 40 ಇಂಚಿನ ಉದ್ದದಲ್ಲಿ ಒಂದಕ್ಕೂ ಹೆಚ್ಚು ಇಂಚು ಹೋಗುತ್ತದೆ. ಆದ್ದರಿಂದ ಒಂದು ಸಲ ತೊಳೆದ ಮೇಲೆಯೇ ಕೆಳಗಿನ ಅಂಚು ಮಡಚಿ ಹೊಲಿಸಿ.

ಬಟ್ಟೆ ತಂದು ಟೇಲರ್ ಹತ್ತಿರ ಹೊಲಿಸುವುದೂ ಒಂದು ದಾರಿ. 1995ರಲ್ಲಿ ಅರವಿಂದ್ ಮಿಲ್ಸ್ ಕಂಪನಿ ರಫ್ ಅಂಡ್ ಟಫ್ ಎಂಬ ಹೆಸರಿನಲ್ಲಿ ಬಟ್ಟೆ, ಚೈನು, ಗುಂಡಿ, ರಿವಿಟ್ ಎಲ್ಲ ಸೇರಿಸಿ ಒಂದು ಕಟ್ಟು ಮಾಡಿ ಮಾರಿತ್ತು. ಸಣ್ಣ ಊರುಗಳ ಟೇಲರ್‌ಗಳು ಅದನ್ನು ಹೊಲಿದುಕೊಡುತ್ತಿದ್ದರು. ಇವತ್ತೂ ಒಳ್ಳೆಯ ಟೇಲರ್ ಊರಲ್ಲಿದ್ದರೆ ಅಳತೆ ಸರಿಯಾಗಿ ಬರುತ್ತದೆ, ಹೊಲಿಗೆ ನಾವು ಹೇಳಿದಂತೆ ಬೀಳುತ್ತದೆ. ದಪ್ಪ ಬಟ್ಟೆಗೆ ತಕ್ಕ ಸೂಜಿ, ದಾರ ಅವರಲ್ಲಿ ಇದೆಯೇ ಎಂದು ಮೊದಲೇ ಕೇಳಿ.

5. ಬೆಲೆಯ ಲೆಕ್ಕ

ಕಡಿಮೆ ಬೆಲೆ ಬೇರೆ, ಕಡಿಮೆ ಖರ್ಚು ಬೇರೆ. ಒಂದು ಉದಾಹರಣೆ ನೋಡೋಣ.

ಮೊದಲನೇ ಪ್ಯಾಂಟ್: ಬೆಲೆ 350 ರೂಪಾಯಿ, 100 ದಿನದ ಕೆಲಸಕ್ಕೆ ಬಂತು. ದಿನಕ್ಕೆ ಬಿದ್ದ ಖರ್ಚು 3 ರೂಪಾಯಿ 50 ಪೈಸೆ.
ಎರಡನೇ ಪ್ಯಾಂಟ್: ಬೆಲೆ 750 ರೂಪಾಯಿ, 300 ದಿನದ ಕೆಲಸಕ್ಕೆ ಬಂತು. ದಿನಕ್ಕೆ 2 ರೂಪಾಯಿ 50 ಪೈಸೆ.

300 ದಿನಕ್ಕೆ ಮೊದಲನೇ ತರಹದ್ದು ಮೂರು ಬೇಕು, ಅಂದರೆ 1050 ರೂಪಾಯಿ. ಎರಡನೇ ತರಹದ್ದು ಒಂದೇ ಸಾಕು. ಉಳಿತಾಯ 300 ರೂಪಾಯಿ.

ಈಗ ಸಾಲದ ಮಾತು. ಎರಡು ಒಳ್ಳೆಯ ಪ್ಯಾಂಟ್‌ಗೆಂದು ಸಂಘದಿಂದ 1500 ರೂಪಾಯಿ ಸಾಲ ಪಡೆದು, ತಿಂಗಳಿಗೆ ನೂರಕ್ಕೆ 2ರ ಬಡ್ಡಿಯಂತೆ, 150 ರೂಪಾಯಿಯ 10 ಕಂತುಗಳಲ್ಲಿ ಕಟ್ಟಿದರೆ ಉಳಿದ ಅಸಲಿನ ಮೇಲೆ ಒಟ್ಟು ಬಡ್ಡಿ 165 ರೂಪಾಯಿ ಆಗುತ್ತದೆ. ಬಡ್ಡಿ ಸೇರಿಸಿದರೂ ಗಟ್ಟಿ ಪ್ಯಾಂಟ್‌ನ ಒಂದು ದಿನದ ಖರ್ಚು 2 ರೂಪಾಯಿ 78 ಪೈಸೆ, ಅಗ್ಗದ್ದಕ್ಕಿಂತ ಕಡಿಮೆಯೇ. ಆದರೆ ಆ 165 ರೂಪಾಯಿಯೂ ಯಾಕೆ ಹೋಗಬೇಕು? ಕಾರಹುಣ್ಣಿಮೆಯ ಹೊತ್ತಿಗೆ ಶುರು ಮಾಡಿ ವಾರಕ್ಕೆ 75 ರೂಪಾಯಿ ಬೇರೆ ತೆಗೆದಿಟ್ಟರೆ 20 ವಾರಕ್ಕೆ 1500 ಆಗುತ್ತದೆ. ದೀಪಾವಳಿ ಸುತ್ತಮುತ್ತ, ಕಬ್ಬಿನ ಹಂಗಾಮು ಶುರುವಾಗುವಾಗ ರೊಕ್ಕ ಕೈಯಲ್ಲಿರುತ್ತದೆ.

ಅಂಗಡಿಯಲ್ಲಿ ನೆನಪಿಡಬೇಕಾದದ್ದು: ಚೀಟಿಯ ಮೇಲಿನ ಎಂ.ಆರ್.ಪಿ. ಎಂದರೆ ತೆರಿಗೆ ಸೇರಿದ ಗರಿಷ್ಠ ಬೆಲೆ. ಅದಕ್ಕಿಂತ ಹೆಚ್ಚು ಕೇಳುವಂತಿಲ್ಲ, ಕಡಿಮೆಗೆ ಚೌಕಾಶಿ ಮಾಡಬಹುದು. 1999 ಎಂದು ಬರೆದು "ಅರ್ಧ ಬೆಲೆ, 999" ಎಂದು ಕೂಗಿದರೆ ಮೋಸಹೋಗಬೇಡಿ. ಅರ್ಧ ಬೆಲೆ ನೋಡಬೇಡಿ, ಬಟ್ಟೆ ನೋಡಿ. 2025ರ ಸೆಪ್ಟೆಂಬರ್ 22ರಿಂದ 2500 ರೂಪಾಯಿವರೆಗಿನ ಉಡುಪಿನ ಮೇಲೆ ಜಿ.ಎಸ್.ಟಿ. ಶೇಕಡಾ 5 ಮಾತ್ರ.

ಬಿಲ್ಲು ಕೇಳಿ ಪಡೆಯಿರಿ. "ಮಾರಿದ ಮಾಲು ವಾಪಸ್ ಇಲ್ಲ" ಎಂದು ಗೋಡೆಯ ಮೇಲೆ ಬರೆದಿದ್ದರೂ ಹೆದರಬೇಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದೋಷವಿರುವ ಮಾಲನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದರೆ 30 ದಿನದೊಳಗೆ, ವಾಪಸ್ ತೆಗೆದುಕೊಳ್ಳಲು ನಿರಾಕರಿಸುವುದು ಅನುಚಿತ ವ್ಯಾಪಾರ. ದೂರು ಹೇಳಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು. 5 ಲಕ್ಷ ರೂಪಾಯಿವರೆಗಿನ ದೂರಿಗೆ ಜಿಲ್ಲಾ ಗ್ರಾಹಕ ಆಯೋಗದಲ್ಲಿ ಶುಲ್ಕವಿಲ್ಲ. ಬಿಲ್ಲು ಇದ್ದರೆ ನಮ್ಮ ಮಾತಿಗೆ ಬಲ.

6. ಬಾಳಿಕೆ ನಮ್ಮ ಕೈಯಲ್ಲೂ ಇದೆ

ಪ್ಯಾಂಟನ್ನು ಒಳಮಗ್ಗಲು ಹೊರಗೆ ಮಾಡಿ ತಣ್ಣೀರಲ್ಲಿ ಒಗೆಯಿರಿ. ಮೊದಲ ಎರಡು ಸಲ ಬೇರೆ ಬಟ್ಟೆ ಜೊತೆ ಹಾಕಬೇಡಿ. ಎರೆ ಮಣ್ಣು ಹತ್ತಿದ್ದರೆ ಒಣಗಲು ಬಿಟ್ಟು ಮೊದಲು ಕೊಡವಿ, ಆಮೇಲೆ ನೆನೆಸಿ. ಬಂಡೆಗೆ ಬಡಿಯುವುದು, ಬ್ರಷ್‌ನಿಂದ ತಿಕ್ಕುವುದು ಬೇಡ. ನೆರಳಲ್ಲಿ ಒಣಹಾಕಿ. ಸಣ್ಣ ತೂತು ಕಂಡ ದಿನವೇ ಒಳಗಿನಿಂದ ತ್ಯಾಪಿ ಹಚ್ಚಿ. ಬೆರಳಷ್ಟು ತೂತು ಬಿಟ್ಟರೆ ಅಂಗೈಯಷ್ಟಾಗುತ್ತದೆ. ಮೊಣಕಾಲಿಗೆ, ತೊಡೆಸಂದಿಗೆ ಹೊಸದಿರುವಾಗಲೇ ಒಳಗಿನಿಂದ ಇನ್ನೊಂದು ಪದರ ಹೊಲಿಸಿದರೆ ಇನ್ನೂ ಒಳ್ಳೆಯದು. ಪೂರ್ತಿ ಸವೆದ ಮೇಲೆ ಗಟ್ಟಿ ಉಳಿದ ಭಾಗದಿಂದ ಸಂತೆ ಚೀಲ, ತ್ಯಾಪಿ ತುಂಡು ಮಾಡಿಕೊಳ್ಳಬಹುದು. ಕೌದಿಗೆ ಮಾತ್ರ ಬೇಡ, ಸೂಜಿ ಇಳಿಯುವುದಿಲ್ಲ.

ಎರಡು ಎಚ್ಚರಿಕೆಗಳು. ಹಸಿ ಸಿಮೆಂಟು ನೆನೆದ ಪ್ಯಾಂಟ್ ಮೈಮೇಲೆ ಉಳಿದರೆ ಚರ್ಮ ಸುಟ್ಟ ಹಾಗೆ ಹುಣ್ಣಾಗುತ್ತದೆ. ತಕ್ಷಣ ಬಿಚ್ಚಿ, ಮೈಯನ್ನು ಬಹಳಷ್ಟು ನೀರಿನಿಂದ ತೊಳೆಯಬೇಕು. ಎರಡನೆಯದು, ಎಣ್ಣೆ ಹೊಡೆಯುವ ಕೆಲಸ. ಜೀನ್ಸ್ ದಪ್ಪ ಇದೆ, ಕೀಟನಾಶಕ ತಾಗುವುದಿಲ್ಲ ಎಂದು ಹಲವರು ತಿಳಿದಿದ್ದಾರೆ. ಹತ್ತಿ ಬಟ್ಟೆ ವಿಷವನ್ನು ಹೀರಿ ಮೈಗೆ ಒತ್ತಿ ಹಿಡಿಯುತ್ತದೆ. ಆ ಬಟ್ಟೆ ಒಗೆಯುವವರು ನಾವು, ಅದೇ ಬಕೆಟ್‌ನಲ್ಲಿ ಮಕ್ಕಳ ಬಟ್ಟೆ ನೆನೆಸುವವರೂ ನಾವು. ಎಣ್ಣೆ ಹೊಡೆದ ಬಟ್ಟೆಯನ್ನು ಅವತ್ತೇ, ಬೇರೆಯಾಗಿ, ಕೈಗವಸು ಹಾಕಿಕೊಂಡು ಒಗೆಯಬೇಕು. ತೊಳೆದ ನೀರು ಬಾವಿ, ಹಳ್ಳಕ್ಕೆ ಹೋಗಬಾರದು.

7. ನಮ್ಮ ಮೈಮೇಲಿನ ಬಟ್ಟೆ ಯಾವುದು?

ಇಷ್ಟೆಲ್ಲ ಗಂಡ, ಮಗನ ಪ್ಯಾಂಟಿನ ಮಾತಾಯಿತು. ಈಗ ಒಂದು ಪ್ರಶ್ನೆ. ಹೊಲಕ್ಕೆ ಹೋಗುವಾಗ ನಾವು ಏನು ಹಾಕಿಕೊಳ್ಳುತ್ತೇವೆ? ಹಳೆ ಸೀರೆ, ಅದರ ಮೇಲೆ ಗಂಡ ಬಿಟ್ಟ ಹರಕು ಅಂಗಿ. ಕಬ್ಬಿನ ರವದಿ ಗಂಡಸರ ಕೈಯನ್ನಷ್ಟೇ ಕೊಯ್ಯುವುದಿಲ್ಲ. ಇಂಡಿಯ ಲಿಂಬೆಹಣ್ಣಿಗೆ 2023ರಲ್ಲಿ ಜಿ.ಐ. ಮಾನ್ಯತೆ ಸಿಕ್ಕಿತು, ಹೆಸರು ದೊಡ್ಡದಾಯಿತು. ಆದರೆ ಲಿಂಬೆ ಬಿಡಿಸುವ ಹೆಣ್ಣುಮಕ್ಕಳ ಕೈಗೆ ಮುಳ್ಳು ಚುಚ್ಚುವುದು ನಿಂತಿಲ್ಲ. ರಾಶಿ ಮಷೀನಿನ ಹತ್ತಿರ ಸಡಿಲ ಸೆರಗು, ಓಡನಿ, ಬಿಟ್ಟ ಜಡೆ ಪಟ್ಟಾಕ್ಕೆ ಸಿಕ್ಕರೆ ಜೀವಕ್ಕೇ ಅಪಾಯ.

ದುಡಿಯುವ ಎಲ್ಲ ಮೈಗೂ ಗಟ್ಟಿ ಬಟ್ಟೆ ಬೇಕು. ಹೆಂಗಸರಿಗಾಗಿ ತೆಳು ಜೀನ್ಸ್ ಬಟ್ಟೆಯ, 5 ಅಥವಾ 6 ಔನ್ಸಿನ, ತುಂಬುತೋಳಿನ ಅಂಗಿ ಹೊಲಿಸಬಹುದು. ಸೊಂಟದ ಕೆಳಗೆ ಬರುವಷ್ಟು ಉದ್ದ, ಮುಂಗೈಗೆ ಗುಂಡಿ, ಮುಚ್ಚುವ ಎರಡು ಕಿಸೆ, ಕುತ್ತಿಗೆಗೆ ಕಾಲರ್. 58 ಇಂಚು ಪನ್ನಾದ ಬಟ್ಟೆಯಾದರೆ ಒಂದು ಅಂಗಿಗೆ ಸುಮಾರು 1.60 ಮೀಟರ್ ಸಾಕು. ಮಷೀನಿನ ಹತ್ತಿರ ಹೋಗುವಾಗ ಸೆರಗನ್ನು ಅಂಗಿಯೊಳಗೆ ಸಿಕ್ಕಿಸಿ ಗುಂಡಿ ಹಾಕಬೇಕು. ಸಂಘದಲ್ಲಿ ಹೊಲಿಗೆ ಬಲ್ಲ ಅಕ್ಕಂದಿರು ಇದ್ದೇ ಇರುತ್ತಾರೆ. ಹತ್ತು ಜನ ಕೂಡಿ ಒಟ್ಟಿಗೆ ಬಟ್ಟೆ ತಂದರೆ ಸಗಟು ಬೆಲೆ ಕೇಳಬಹುದು, ಹೊಲಿಗೆಯ ಕೂಲಿ ನಮ್ಮಲ್ಲೇ ಉಳಿಯುತ್ತದೆ.

"ನಮಗ್ಯಾಕ್ರಿ ಹೊಸ ಅಂಗಿ, ಇದ್ದದ್ದ ನಡೀತೈತಿ" ಎನ್ನುವ ಮಾತು ನಮ್ಮ ಬಾಯಿಂದಲೇ ಬರುತ್ತದೆ. ಗಂಡನ ಪ್ಯಾಂಟ್‌ಗೆ ಸಾಲ ಬರೆಸುವ ಕೈ ತನ್ನ ಅಂಗಿಗೆ 100 ರೂಪಾಯಿ ತೆಗೆಯಲು ಹಿಂಜರಿಯಬಾರದು. ಕೊಯ್ದ ಕೈಗೆ ಔಷಧ, ತಪ್ಪಿದ ಕೂಲಿ, ಇವೂ ಖರ್ಚೇ.

ಸಂಘದ ಸಭೆಯಲ್ಲಿ ಚರ್ಚೆಗೆ

1. ಕಳೆದ ಒಂದು ವರ್ಷದಲ್ಲಿ ನಮ್ಮ ಮನೆಯಲ್ಲಿ ಎಷ್ಟು ಕೆಲಸದ ಪ್ಯಾಂಟ್ ಕೊಂಡೆವು? ಒಟ್ಟು ಎಷ್ಟು ಖರ್ಚಾಯಿತು? ಪ್ರತಿಯೊಂದೂ ಎಷ್ಟು ದಿನ ಬಂತು?
2. ಅವು ಮೊದಲು ಹರಿದದ್ದು ಎಲ್ಲಿ? ಬಟ್ಟೆಯ ದೋಷವೋ, ಹೊಲಿಗೆಯದೋ, ಅಳತೆಯದೋ?
3. ಅದೇ ವರ್ಷ ನಮಗಾಗಿ ಕೆಲಸದ ಬಟ್ಟೆಗೆ ಎಷ್ಟು ಖರ್ಚು ಮಾಡಿದೆವು?
4. ನಮ್ಮ ಸಂಘದಲ್ಲಿ ಎಷ್ಟು ಜನರಿಗೆ ಹೊಲಿಗೆ ಬರುತ್ತದೆ? ಹತ್ತು ಅಂಗಿ ಒಟ್ಟಿಗೆ ಹೊಲಿಯಲು ಏನೇನು ಬೇಕು?

ಮುಂದಿನ ಸಭೆಗೆ ಮಾಡಿಕೊಂಡು ಬರುವುದು: ಪ್ರತಿಯೊಬ್ಬರೂ ಮನೆಯಲ್ಲಿ ಹರಿದು ಬಿದ್ದಿರುವ ಒಂದು ಹಳೆ ಪ್ಯಾಂಟ್ ತನ್ನಿ. ಎಲ್ಲವನ್ನೂ ಚಾಪೆಯ ಮೇಲೆ ಹರಡಿ, ಒಳಮಗ್ಗಲು ತಿರುವಿ, ಮೇಲೆ ಹೇಳಿದ ಪರೀಕ್ಷೆಗಳನ್ನು ಮಾಡಿ ನೋಡಿ. ಕಂಡದ್ದನ್ನು ಸಭೆಯ ಪುಸ್ತಕದಲ್ಲಿ ಬರೆಯಿರಿ.